ಮೊದಲ ಚಮಚ

೧೪-೭-೧೯೫೯ರ ಬೆಳಿಗ್ಗೆ ಹತ್ತಕ್ಕೆ ಹತ್ತಿಮತ್ತೂರಿನ ಯಲ್ಲಪ್ಪ ಸವಣೂರು ಠಾಣೆಗೆ ಬಂದು ದೂರು ಬರೆಸಿದ. ಸವಣೂರು ಪೇಟೆಗೆ ಮದುವೆ ಮಾಡಿ ಕೊಟ್ಟಿದ್ದ ತಂಗಿ ಮಾದೇವಿ ಹಿಂದಿನ ದಿನ ಸತ್ತಿದ್ದಳು. ಅತ್ತೆ ದಾನವ್ವ ಕುಡಿಸಿದ್ದು ದವಾಖಾನೆಯ ಜಂತಿನ ಔಷಧಿ, ಒಂದೇ ಚಮಚ. ಸಂಜೆಯೊಳಗೆ ಮೈ ಸೆಟೆದು ಜೀವ ಹೋಗಿತ್ತು.

"ಅತ್ತೀನ ವಿಷಾ ಬೆರಸ್ಯಾಳ್ರಿ," ಎಂದ.

ಇನ್ಸ್‌ಪೆಕ್ಟರ್ ಶಿದ್ಲಿಂಗಪ್ಪ ಎಫ್.ಐ.ಆರ್. ದಾಖಲಿಸಿ, ಪಂಚನಾಮೆ ಮಾಡಿ, ಬಾಟಲಿಗೆ ಅರಗಿನ ಮೊಹರು ಹಾಕಿದರು. ದಾನವ್ವ ಜೈಲು ಸೇರಿದಳು.

"ಔಷಧದಾಗ ಏನ್ ಹಾಕಿದೆಬೇ?"

"ಏನಿಲ್ರಿ. ಅಲ್ಲಾಡಿಸಿ, ಚಮಚಾ ಒರಸಿ ಕುಡಿಸೇನಿ. ಬಾಯಿ ಕಹಿ ಅಂದ್ಲು, ಬೆಲ್ಲ ಕೊಟ್ನಿ."

ಐದು ವಾರದಲ್ಲಿ ಮೂರು ಸಲ ಅದೇ ಪ್ರಶ್ನೆ, ಅದೇ ಬೆಲ್ಲ. ಆಗಸ್ಟ್ ೨೦ಕ್ಕೆ ಪರೀಕ್ಷಾಲಯದ ವರದಿ ಬಂತು: ಬೇರೆ ವಿಷವಿಲ್ಲ, ಉಳಿದ ಔಷಧಿಯಲ್ಲಿ ಜಂತು ಕೊಲ್ಲುವ ಎಣ್ಣೆ ಇರಬೇಕಾದ್ದಕ್ಕಿಂತ ಬಹಳ ಕಡಿಮೆ.

"ಕಡಿಮಿ ಔಷಧಕ್ಕ ಯಾರರ ಸಾಯ್ತಾರೇನೋ?" ಇನ್ಸ್‌ಪೆಕ್ಟರ್ ವರದಿಯನ್ನು ಮೇಜಿಗೆ ಒಗೆದರು.

"ಕಡಿಮಿ ಆದದ್ದು ಎಲ್ಲಿ ಹೋತ್ರಿ ಸಾಹೇಬ್ರ?" ಎಂದ ಪೊಲೀಸ್ ಗೋಣೆಪ್ಪ.

ಇಬ್ಬರೂ ದವಾಖಾನೆಗೆ ನಡೆದರು. ಮಾದೇವಿಯ ಔಷಧಿಯ ಜೊತೆಗೇ ತಯಾರಿಸಿದ್ದ ಇನ್ನೊಂದು ಬಾಟಲಿ ಕಪಾಟಿನಲ್ಲಿತ್ತು. ಅಲ್ಲಾಡಿಸಿದರೆ ಹಾಲಿನಂತಾಯಿತು. ಹತ್ತು ಎಣಿಸುವುದರೊಳಗೆ ಸಾಸಿವೆಯಷ್ಟು ದಪ್ಪ ಹನಿಗಳು ಮೇಲೆದ್ದು, ಒಂದಕ್ಕೊಂದು ಕೂಡಿ, ಎಣ್ಣೆಯೆಲ್ಲ ಮೇಲೆ ನಿಂತಿತು.

"ಹನಿ ಕಣ್ಣಿಗೆ ಕಾಣದಷ್ಟು ಸಣ್ಣವಾಗಿ ಹರಡಬೇಕ್ರಿ," ಎಂದರು ಡಾಕ್ಟರು. "ಅಂದ್ರ ಚಮಚಕ್ಕಿಷ್ಟು ಅಂತ ಬರತೈತಿ. ಇದು ಒಡದೈತಿ. ಇಡೀ ಬಾಟ್ಲಿಗೆ ಹಾಕಿದ್ದ ಎಣ್ಣಿ ಬಹಳಷ್ಟು ಮೊದಲ್ನೇ ಚಮಚದಾಗ ಹೋಗೇತಿ. ಹೆಚ್ಚಾದ್ರ ಆ ಎಣ್ಣೀನ ವಿಷ."

"ಎಣ್ಣಿ ನೀರು ಕೂಡಸೋ ಗೋಂದು ಕಡಿಮಿ ಹಾಕಿದ್ಯಾ?" ಎಂದು ಕಂಪೌಂಡರನ್ನು ಕೇಳಿದರು.

ಬೆನ್ನು ಮಾಡಿ ನಿಂತಿದ್ದ ಕಂಪೌಂಡರ್ ಉಳಿವೆಪ್ಪ ಬಾಟಲಿ ತೊಳೆಯುತ್ತಲೇ ಇದ್ದ. ಗೋಣೆಪ್ಪ ಭುಜ ಹಿಡಿದು ತಿರುಗಿಸಿ, ಅದನ್ನೇ ಮತ್ತೆ ಕೇಳಿದ.

"ಎಲ್ಲಾ ಅಳದ ಹಾಕೇನ್ರಿ," ಎಂದ ಉಳಿವೆಪ್ಪ, ಗೋಣೆಪ್ಪನ ತುಟಿಯನ್ನೇ ನೋಡುತ್ತ.

"ಮಾಡಿ ತೋರಸು," ಎಂದರು ಇನ್ಸ್‌ಪೆಕ್ಟರ್.

ಉಳಿವೆಪ್ಪ ಖಲಬತ್ತಿನಲ್ಲಿ ಎಣ್ಣೆ, ಗೋಂದು, ತುಸು ನೀರು ಹಾಕಿ ಅರೆದ. ಆಮೇಲೆ ಉಳಿದ ನೀರು ಸುರಿದ. ಕಸ ಗುಡಿಸುತ್ತಿದ್ದ ಆಯಾ ನಸೀರಾ ಕೈ ನಿಲ್ಲಿಸಿದಳು.

"ಅರಿಯೂವಾಗ ಚಟಚಟ ಅನ್ನಲೇ ಇಲ್ಲಲ್ರಿ. ಎಣ್ಣಿ ಗೋಂದು ಕೂಡಿ ಹಂಗ ಅಂದ ಮ್ಯಾಲ ಉಳದ ನೀರ ಹಾಕೂದು. ಹತ್ತ ವರ್ಷ ಕೇಳೇನಿ. ಈ ಬ್ಯಾಸಗಿಯಿಂದ ಆ ಸಪ್ಪಳನ ಇಲ್ಲ."

ಇನ್ಸ್‌ಪೆಕ್ಟರ್ ತಕ್ಕಡಿಯ ಕಲ್ಲೊಂದನ್ನು ಉಳಿವೆಪ್ಪನ ಹಿಂದೆ ನೆಲಕ್ಕೆ ಬೀಳಿಸಿದರು. ಅವನು ತಿರುಗಲಿಲ್ಲ.

ಮಧ್ಯಾಹ್ನ ಮೂರಕ್ಕೆ, ಅಜಾಗರೂಕತೆಯಿಂದ ಸಾವಿಗೆ ಕಾರಣನಾದನೆಂದು ಕಲಂ ೩೦೪-ಅ ಪ್ರಕಾರ ಉಳಿವೆಪ್ಪನ ಬಂಧನವಾಯಿತು. ತುಟಿ ನೋಡಿ ತಿಳಿಯದ ಪ್ರಶ್ನೆಗಳನ್ನು ಹಾಳೆಯ ಮೇಲೆ ಬರೆದು ತೋರಿಸಬೇಕಾಯಿತು. ಯುಗಾದಿ ಹೊತ್ತಿಗೆ ಬಂದ ಜ್ವರದಲ್ಲಿ ಅವನ ಕಿವಿ ಹೋಗಿತ್ತು, ಯಾರಿಗೂ ಹೇಳಿರಲಿಲ್ಲ.

"ಊರಾಗ ನನ್ನ ಕೈಗುಣ ಛಲೋ ಅಂತಿದ್ರು. ಕೈ ಅಲ್ರಿ ಅದು, ಕಿವಿ. ಅದು ಹೋದದ್ದು ಗೊತ್ತಾದ್ರ ಯಾರ್ ಬರ್ತಿದ್ರು ನನ್ನ ಕಡೆ?"

ಮರುದಿನ ಕೋರ್ಟಿನ ಹುಕುಮಿನಂತೆ ಬಿಡುಗಡೆಯಾದ ದಾನವ್ವನಿಗೆ ಜೈಲಿನ ಬಾಗಿಲಲ್ಲೇ ಉಳಿವೆಪ್ಪ ಎದುರಾದ. ಪೊಲೀಸರು ಅವನನ್ನು ಒಳಗೆ ಕರೆದೊಯ್ಯುತ್ತಿದ್ದರು.

"ಕೇಳಸವಲ್ದು ಅಂತ ಒಂದ್ ಮಾತ ಅಂದಿದ್ರ, ನನ್ನ ಸೊಸಿ ಉಳೀತಿದ್ಲಲ್ಲೋ ತಮ್ಮಾ," ಎಂದಳು ಬೆನ್ನ ಹಿಂದಿನಿಂದ.

ಅವನು ನಡೆಯುತ್ತಲೇ ಇದ್ದ.