ಉಪ್ಪಿನ ಹರಳಿನ ಏಳನೆಯ ಚೀಟಿ

"ಆ ಹರಳನ್ನ ನಾಲಿಗೆಗೆ ಮಾತ್ರ ಇಡಬೇಡಿ," ಎಂದಳು ಮನೆಯ ಸೊಸೆ, ಬಾಗಿಲಲ್ಲೇ ನಿಂತು.

ಪರೀಕ್ಷಕನಿಗೆ ನಗು ಬಂತು. ಹದಿನೆಂಟು ವರ್ಷಗಳಿಂದ ಕಲ್ಲುಗಳ ಜಾತಕ ಬರೆದೇ ಹೊಟ್ಟೆ ಹೊರೆದವನು ಅವನು. ಯಾವ ಕಲ್ಲು ಯಾವ ಗಣಿಯದು, ಯಾರ ಕೈಯಿಂದ ಯಾರ ಕೈಗೆ ಬಂತು ಎಂದು ಪತ್ತೆ ಹಚ್ಚುವುದೇ ಕಸುಬು. ಅವಳ ಮಾವ ಕೂಡಿಟ್ಟ ಕಲ್ಲುಗಳನ್ನು ಮಾರುವ ಮೊದಲು ಪಟ್ಟಿ ಮಾಡಲು ಬಂದಿದ್ದ. ಉಪ್ಪಿನ ಹರಳನ್ನು ನೆಕ್ಕಿ ಗುರುತಿಸುವುದು ಈ ಕಸುಬಿನವರ ಹಳೇ ಚಾಳಿ. ಬೇಡವೆಂದರೆ ನಾಲಿಗೆ ಇನ್ನಷ್ಟು ತುರಿಸುತ್ತದೆ.

"ಉಪ್ಪು ತಿಂದವನು ನೀರು ಕುಡೀಲೇಬೇಕಲ್ಲಮ್ಮ, ಒಂದು ಚೊಂಬು ತಂದಿಡಿ" ಎಂದು ಚುಡಾಯಿಸಿದ. ಅವಳು ನಗಲಿಲ್ಲ. ಇಪ್ಪತ್ತು ದಿನದ ಹಿಂದೆ ಮಾವ ಇದರ ರುಚಿ ನೋಡಿದರೆಂದೂ ಮೂರನೆಯ ದಿನ ಎದೆಯೊಡೆದು ಸತ್ತರೆಂದೂ ಹೇಳಿ ಹೊರಟುಹೋದಳು.

ಬಿಸಿಲಿಗೆ ಕಲ್ಲುಗಳ ಬಣ್ಣ ಕೆಡದಿರಲೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಮಟಮಟ ಮಧ್ಯಾಹ್ನದಲ್ಲೂ ಕತ್ತಲೆ. ನುಸಿಗುಳಿಗೆಯ ಘಾಟು, ಹಳೇ ಕಾಗದದ ಮುಗ್ಗಲು ವಾಸನೆ. ಗೋಡೆಯಾಚೆ ಮಗುವೊಂದು ಬಿಟ್ಟೂಬಿಡದೆ ಕೇಳುತ್ತಿತ್ತು: "ಅಮ್ಮಾ, ನೀರು." ಲೋಟದ ಸದ್ದು. ಗಟಗಟ ಕುಡಿದ ಸದ್ದು. ಮತ್ತೆ, "ಅಮ್ಮಾ, ನೀರು."

ಮೇಜಿನ ದೀಪದಡಿ ಹರಳು ತೆಳುಗುಲಾಬಿಯಾಗಿ ಹೊಳೆಯಿತು. ನೆಕ್ಕಿದ. ಉಪ್ಪು. ಅದರ ಹಿಂದೆಯೇ ರಕ್ತದಂಥ ಒಗರು.

ಗೋಡೆಯಾಚೆಯ ದನಿ ತಟ್ಟನೆ ನಿಂತಿತು.

ಅದನ್ನು ಅವನು ಗಮನಿಸಲಿಲ್ಲ. ಹರಳಿನ ಪೆಟ್ಟಿಗೆಯಲ್ಲಿದ್ದ ಚೀಟಿಗಳನ್ನು ಬಿಡಿಸಿದ. ಒಡೆಯನಾದವನೆಲ್ಲ ತನ್ನ ಹೆಸರು, ತಾರೀಕು ಬರೆದಿಟ್ಟಿದ್ದ ಆರು ಚೀಟಿಗಳು. ಮಾವನೊಬ್ಬನನ್ನು ಬಿಟ್ಟರೆ ಎಲ್ಲರೂ ವಾರ ತುಂಬುವ ಮೊದಲೇ ಹರಳನ್ನು ಸಾಗಹಾಕಿದ್ದರು. ಇಷ್ಟು ಚೆಂದದ ಹರಳನ್ನು ಯಾರಾದರೂ ವಾರದಲ್ಲಿ ಬಿಟ್ಟುಕೊಡುತ್ತಾರೆಯೇ? ಎಲ್ಲಕ್ಕಿಂತ ಹಳೆಯ ಚೀಟಿಯನ್ನು ತಿರುವಿದ. ಹಿಂದೆ ಬೇರೊಂದು ಕೈ ಮಸಿಯಲ್ಲಿ ಗೀಚಿದ ಅಕ್ಷರಗಳು.

'ಗಣಿಯ ಬಾಯಿ ಮುಚ್ಚಿ ನನ್ನ ಮಗನನ್ನು ನೀರಿಲ್ಲದೆ ಕೊಂದರು. ಅವನ ಮುಷ್ಟಿಯಲ್ಲಿದ್ದ ಹರಳು ಇದು. ಮಂತ್ರಿಸಿ ಗಣಿಯ ಧಣಿಗೇ ಕೊಟ್ಟಿದ್ದೇನೆ. ಇದನ್ನು ನೆಕ್ಕಿದವನ ಮನೆಯ ಕೂಸಿಗೆ ದಾಹ ತೀರದಿರಲಿ, ಇನ್ನೊಬ್ಬ ನೆಕ್ಕುವವರೆಗೆ.'

ಫೋನು ಬಡಿದುಕೊಂಡಿತು. ಹೆಂಡತಿ. ಮಗಳು ಹತ್ತೇ ನಿಮಿಷದಲ್ಲಿ ಒಂದು ಕೊಡ ನೀರು ಕುಡಿದಿದ್ದಾಳೆ, ಇನ್ನೂ ಬೇಕಂತೆ. ತುಟಿ ಒಡೆಯುತ್ತಿದೆ. ಅಳುತ್ತಿದ್ದಾಳೆ, ಕಣ್ಣಲ್ಲಿ ನೀರೇ ಇಲ್ಲ.

ಬಾಗಿಲಿಗೆ ಓಡಿದ. ಸೊಸೆ ಅಲ್ಲೇ ನಿಂತಿದ್ದಳು. ತೋಳಲ್ಲಿ ಮಗ, ಕಡ್ಡಿಯಂತಾದವನು, ನೆಮ್ಮದಿಯಾಗಿ ನಿದ್ದೆಹೋಗಿದ್ದ.

"ನೆಕ್ಕಿ ಅಂದಿದ್ರೆ ನೀವು ಅನುಮಾನ ಪಡ್ತಿದ್ರಿ," ಎಂದಳು. "ಅದಕ್ಕೇ ಬೇಡ ಅಂದೆ. ತಪ್ಪಾಯ್ತು ಅಣ್ಣ. ಹೆತ್ತ ಕರುಳು." ಅಳುತ್ತಿದ್ದಳು. ಆದರೆ ಹರಳನ್ನು ಮುಟ್ಟಲಿಲ್ಲ.

ಅವನಿಗೆ ಅವಳನ್ನು ಕೊಂದುಬಿಡುವಷ್ಟು ಸಿಟ್ಟು ಬಂತು. ಸಿಟ್ಟಿಗೆ ಪುರುಸೊತ್ತಿರಲಿಲ್ಲ. ಮೇಜಿಗೆ ಮರಳಿದ. ಹೊಸ ಚೀಟಿ ತೆಗೆದು ತನ್ನ ಹೆಸರು, ತಾರೀಕು ಬರೆದ. ಯಾರು? ಬೇಡವೆಂದದ್ದನ್ನು ಮಾಡದೆ ಬಿಡದವನು ಯಾರು? ಒಬ್ಬನೇ. ಜೊತೆಗೇ ಕಸುಬು ಕಲಿತ ಗೆಳೆಯ. ಹೋದ ತಿಂಗಳಷ್ಟೇ ಅವನಿಗೆ ಅವಳಿ ಮಕ್ಕಳಾಗಿದ್ದವು. ತಾನೇ ಹೋಗಿ ತೊಟ್ಟಿಲಿಗೆ ಇಣುಕಿ, ಎರಡಕ್ಕೂ ಮುತ್ತು ಕೊಟ್ಟು ಬಂದಿದ್ದ.

ನಂಬರು ಒತ್ತಿದ.

"ಅಪರೂಪದ ಹರಳು ಕಣೋ, ಈಗಲೇ ತರ್ತೀನಿ, ನೋಡು," ಎಂದ. ಚೀಟಿಯನ್ನು ಪೆಟ್ಟಿಗೆಯೊಳಗಿಟ್ಟ. "ನಾಲಿಗೆಗೆ ಮಾತ್ರ ಇಡಬೇಡ."

ಆ ತುದಿಯಲ್ಲಿ ಗೆಳೆಯ ಗಹಗಹಿಸಿ ನಕ್ಕ.