ಮಧ್ಯಾಹ್ನದ ಮೇಲೆ ಡಾಕ್ಟರಬಾಯಿ ಇಲ್ಲ

“ಅರ್ಧಾ ದಿನ ದವಾಖಾನಿಗಿ, ಅರ್ಧಾ ದಿನ ನನಗ. ಮಂಜೂರೇನು?” ಮದುವೆಗೆ ಮೊದಲು ವಕೀಲ ಮಚ್ಛೇಂದ್ರ ಕೇಳಿದ್ದ.

ಡಾಕ್ಟರ್ ಗಿರಿಜಾಬಾಯಿ ಸ್ಟೆತಾಸ್ಕೋಪನ್ನು ಅವನ ಎದೆಗಿಟ್ಟು, “ಭಾಳ ಜೋರ ಬಡ್ಕೊಳ್ಳಕತ್ತದ. ಮಂಜೂರ ಮಾಡದಿದ್ರ ಹ್ಯಾಂಗರಿ?” ಎಂದು ನಕ್ಕಿದ್ದಳು.

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಕೋರ್ಟಿನಲ್ಲಿ ಉರ್ದುವಿನಲ್ಲೇ ಗುಡುಗುತ್ತಿದ್ದ ಮಚ್ಛೇಂದ್ರನಿಗೆ ಕೋರ್ಟಿನ ಭಾಷೆ ಬದಲಾಗಿ ಈಗ ಕಕ್ಷಿದಾರರು ಕಡಿಮೆ, ಬಿಡುವು ಬೇಕಾದಷ್ಟು. ಭಾಲ್ಕಿಯ ಧರ್ಮದ ದವಾಖಾನೆಯವರು ಇದ್ದೊಬ್ಬ ಹೆಣ್ಣು ಡಾಕ್ಟರನ್ನು ಕಳೆದುಕೊಳ್ಳಲಾರದೆ ಮಧ್ಯಾಹ್ನದವರೆಗಿನ ಕೆಲಸಕ್ಕೆ ಒಪ್ಪಿದರು. ಗಿರಿಜಾ ಹಾಕಿದ್ದು ಒಂದೇ ಶರತ್ತು: “ಕಷ್ಟದ ಹೆರಿಗಿ ಬಂತಂದ್ರ ಯಾವಾಗಿದ್ರೂ ಮನಿಗಿ ಬಂದು ಕರೀರಿ.”

ದಿನವೂ ಅವನು ಸೈಕಲ್ ಹಿಡಿದು ದವಾಖಾನೆಯ ಗೇಟಿನಲ್ಲಿ ನಿಲ್ಲುತ್ತಿದ್ದ. ಅವಳು ಬೇಕೆಂದೇ ತಡಮಾಡಿ, ಕಿಟಕಿಯ ಪರದೆಯ ಸಂದಿಯಿಂದ ಅವನ ಚಡಪಡಿಕೆ ನೋಡುತ್ತಿದ್ದಳು. ಒಬ್ಬ ಗಂಡಸು ಬಿಸಿಲಲ್ಲಿ ಹಾಗೆ ಕಾದರೆ ಯಾವ ಹೆಂಗಸಿಗೆ ತಾನೇ ತಲೆ ತಿರುಗದು?

ಒಂದು ಮಧ್ಯಾಹ್ನ ಅವಳು ಮನೆಯಲ್ಲಿ ತಲೆಸ್ನಾನ ಮಾಡಿ ಕೂತಿದ್ದಳು. ಹಣಿಗೆ ಅವನ ಕೈಯಲ್ಲಿತ್ತು. ಹೊರಗೆ ಬಾಗಿಲು ಬಡಿದ ಸದ್ದಾಯಿತು. ಅವನೇ ಎದ್ದು ಹೋಗಿ ಬಂದ.

“ಯಾರ್ರಿ?”

“ಹಾಲಿನಾಕಿ. ಕಣ್ಣು ಮುಚ್ಚು, ಸಿಕ್ಕು ಬಿಡಸ್ತೇನಿ.”

ಅವಳು ಮುಚ್ಚಿದಳು. ಅಂಥ ಸುಖದ ಮಧ್ಯಾಹ್ನ ಅವಳ ಬಾಳಿನಲ್ಲಿ ಇನ್ನೊಂದಿರಲಿಲ್ಲ.

ಮರುದಿನ ನರ್ಸ್ ಕುಲಸುಮಬೀ ಮುಖ ಕೊಟ್ಟು ಮಾತಾಡಲಿಲ್ಲ. “ಹೆರಿಗಿಗಿ ಬಂದಿದ್ದ ಖಟಕ ಚಿಂಚೋಳಿ ಊರಿನ ಈರಮ್ಮ ಹೋದಳ್ರಿ. ಕೂಸೂ ಹೋಯ್ತು. ನಿನ್ನಿ ನಿಮ್ಮ ಮನಿಗಿ ಓಡಿ ಬಂದಿದ್ದೆ. ಡಾಕ್ಟರಬಾಯಿ ಇಲ್ಲ, ಬೀದರಕ್ಕ ಹೋಗ್ಯಾರಂದ್ರು ವಕೀಲಸಾಬ್ರು.”

ಮಧ್ಯಾಹ್ನ ಮಚ್ಛೇಂದ್ರ ಬಂದಾಗ ಗಿರಿಜಾ ಗೇಟಿನಲ್ಲೇ ಕೇಳಿದಳು. “ನಿನ್ನಿ ಬಾಗಿಲಾ ಬಡದಾಕಿ ಹಾಲಿನಾಕಿ ಏನ್ರಿ?”

ಅವನು ಅವಳ ಮುಂಗುರುಳು ಸರಿಸಿದ. “ದಿನಾ ಯಾರರ ಹಡೀತಾರ, ಗಿರಿಜಾ. ನಮ್ಮ ಮಧ್ಯಾಹ್ನ ತಿರುಗಿ ಬರ್ತದೇನು? ನಿನ್ನ ಮ್ಯಾಲಿನ ಪ್ರೀತಿಗೇ ಹಂಗಂದೆ.”

ಅದು ನಿಜವೆಂದು ಅವಳಿಗೆ ಗೊತ್ತಿತ್ತು. ಅದನ್ನೇ ಅವಳಿಗೆ ಸಹಿಸಲಾಗಲಿಲ್ಲ. ಅಂದು ಅವಳು ಮನೆಗೆ ಹೋಗಲಿಲ್ಲ. ದವಾಖಾನೆಯ ಹಿಂದಿನ ಕೋಣೆಯಲ್ಲೇ ಉಳಿದು, ಇನ್ನು ಮೇಲೆ ಪೂರಾ ದಿನ ಕೆಲಸ ಮಾಡುತ್ತೇನೆಂದು ಹೇಳಿಬಿಟ್ಟಳು.

ಮರುದಿನ ಮಧ್ಯಾಹ್ನ ಅವನು ಮತ್ತೆ ಸೈಕಲ್ ಹಿಡಿದು ನಿಂತಿದ್ದ. ಗಡ್ಡ ಕೂಡ ಮಾಡಿಕೊಂಡಿರಲಿಲ್ಲ. ಗಿರಿಜಾ ಅದೇ ಪರದೆಯ ಹಿಂದೆ ನಿಂತು, ಹೇಳಬೇಕಾದ್ದನ್ನು ಕುಲಸುಮಬೀಗೆ ಹೇಳಿ ಕಳಿಸಿದಳು.

“ಡಾಕ್ಟರಬಾಯಿ ಇಲ್ಲರಿ ವಕೀಲಸಾಬ್. ಬೀದರಕ್ಕ ಹೋಗ್ಯಾರ.”

ಅವನು ಕಿಟಕಿಯತ್ತ ನೋಡಿದ. ಪರದೆ ಅಲುಗಿತು. “ಯಾವಾಗ ಬರ್ತಾಳ?” ಎಂದು ಅವನು ಆ ಪರದೆಯನ್ನೇ ಕೇಳಿದ.

ಒಳಗೆ ಗಿರಿಜಾ ಅಳುತ್ತಲೇ ಕೈ ತೊಳೆದುಕೊಂಡು, ಮುಂದಿನವಳನ್ನು ಕರೆದಳು.