ಅರಮನೆಯಲ್ಲಿ ಒಣಗಿದ ಕಾಫಿ

1998ರ ಡಿಸೆಂಬರಿನಲ್ಲಿ ಕಳಸದ ಕಡೆಯ ಹಳೆಯ ಅರಮನೆಯೊಂದರಲ್ಲಿ ಉತ್ಸವ, ವಸ್ತುಪ್ರದರ್ಶನ ನಡೆದವು. ನಾನು ಆಲ್ದೂರಿನ ಹತ್ತಿರದ ಎಸ್ಟೇಟೊಂದರಲ್ಲಿ ಲೆಕ್ಕ ಬರೆದು ಆಳುಗಳನ್ನು ನೋಡಿಕೊಳ್ಳುವ ರೈಟರ್. ನಮ್ಮ ಮಳಿಗೆಗೆ ಸಿಕ್ಕಿದ್ದು ಕಿಟಕಿಯೇ ಇಲ್ಲದ ಕಲ್ಲಿನ ಕೋಣೆ. ಕಾಫಿ ಒಣಗಿಸುವ ಬಗೆ ತೋರಿಸಲು ಅಲ್ಲಿ ಹಸಿ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಳು, ಹರಡಿದೆ. ಕಣದಲ್ಲಾದರೆ ಆಳುಗಳು ಅದರ ಮೇಲೆ ಕಾಲೆಳೆದು ನಡೆದು, ಸಾಲು ಮಾಡಿ ತಿರುವುತ್ತಾರೆ. ನಾನು ಹರಡಿದ್ದನ್ನು ಹಾಗೇ ಬಿಟ್ಟು ಬೀಗ ಹಾಕಿಕೊಂಡು ಹೋದೆ.

ಮರುದಿನ ಬೆಳಿಗ್ಗೆ ನಾನು ಬೀಗ ತೆಗೆದಾಗ ಅರಮನೆ ನೋಡಿಕೊಳ್ಳುವ ವಿಷ್ಣುಮೂರ್ತಿಯವರು ಜೊತೆಗಿದ್ದರು. "ಸಾಲು ಚೆನ್ನಾಗಿ ಎಳ್ದಿದೀರಿ ಮಾರಾಯ್ರೆ," ಎಂದರು. ಬಾಗಿಲಿನಿಂದ ಕೋಣೆಯ ನಡುವಿನವರೆಗೆ ಸಾಲುಗಳಿದ್ದವು. ಬಲಗಾಲಿನದು ನೇರ, ಎಡಗಾಲಿನದು ಗೇಣಿಗೊಮ್ಮೆ ತುಂಡು. ಕೈಯಿಟ್ಟರೆ ಕಾಳು ಬಿಸಿಲಿಗೆ ಕಾದಂತೆ ಬೆಚ್ಚಗಿತ್ತು.

ನಮ್ಮ ಕಣದ ಆಳು ದ್ಯಾವಮ್ಮನಿಗೆ ಎಡಗಾಲು ಕುಂಟು. ಹಿಂದಿನ ವರ್ಷ ಅವಳು, "ತಲೆ ತಿರುಗ್ತದೆ ರೈಟ್ರೆ," ಅಂದಾಗ, "ಇದೊಂದು ಸುತ್ತು ಮುಗ್ಸಿ ಹೋಗು," ಅಂದವನು ನಾನೇ. ಕಣದ ನಡುವೆ ಬಿದ್ದಳು. ಮತ್ತೆ ಏಳಲಿಲ್ಲ.

ಉತ್ಸವದ ಒಂಬತ್ತು ದಿನವೂ ಬೆಳಿಗ್ಗೆ ಹೊಸ ಸಾಲಿರುತ್ತಿತ್ತು, ನಡುವಿಗೆ ಬಂದು ನಿಂತಿರುತ್ತಿತ್ತು. ಹೊರಗೆ ಡೊಳ್ಳು ಬಾರಿಸುತ್ತಿದ್ದರು. ನಾನು ಸ್ಟೂಲಿನ ಮೇಲೆ ಕೂತು, ಬಂದವರಿಗೆಲ್ಲ ಕಾಫಿಯ ವಿಷಯ ಹೇಳುತ್ತಿದ್ದೆ.

ಕೊನೆಯ ದಿನ ಮೂಟೆ ಕಟ್ಟುವ ಮುಂಚೆ ಒಣಗಿದೆಯೇ ಎಂದು ಕಾಳು ಕಚ್ಚಿ ನೋಡಿದೆ. ಬಾಗಿಲ ಕಡೆಯ ಅರ್ಧ ಗಟ್ಟಿಯಾಗಿ ಒಣಗಿತ್ತು. ಸಾಲು ಮುಟ್ಟದ ಗೋಡೆ ಕಡೆಯ ಅರ್ಧಕ್ಕೆ ಬೂಷ್ಟು ಬಂದಿತ್ತು.